ಶಿರಸಿಯಲ್ಲಿ ನಾಯಿ ಸಾಕಿಕೊಂಡು ಬಾಡಿಗೆ ಮನೆ ಹುಡುಕುವವರು ಓದಿ

"ನಾಯಿ ಇದ್ರೆ ಏನೂ ತೊಂದ್ರೆ ಇಲ್ಲ ಸಾರ್, ಓನರ್ ಹತ್ರ ಮಾತಾಡಿದೀನಿ" ಅಂತ ಬ್ರೋಕರ್ ಹೇಳಿದರೆ, ಆ ಮಾತಿನ ಮೇಲೆ ಒಂದು ರೂಪಾಯಿಯೂ ಕೊಡಬೇಡಿ.

ನಮ್ಮದು ನಾಟಿ ನಾಯಿ, ಹೆಸರು ಚಿನ್ನು. ಅದರ ಫೋಟೊ ಕಳಿಸಿಯೇ ಬ್ರೋಕರ್ ಜೊತೆ ಮಾತು ಶುರು ಮಾಡಿದ್ದೆವು. ಮನೆ ಮಹಡಿಯಲ್ಲಿ, ಮಾಲೀಕರು ಕೆಳಗೆ. ಅಡ್ವಾನ್ಸ್, ಕಮಿಷನ್ ಎಲ್ಲ ಕೊಟ್ಟಾಯಿತು. ಸಾಮಾನಿನ ಗಾಡಿ ಗೇಟಿನ ಮುಂದೆ ನಿಂತು ಚಿನ್ನು ಕೆಳಗಿಳಿಯುತ್ತಿದ್ದ ಹಾಗೆ ಮಾಲೀಕರು ಹೊರಗೆ ಬಂದರು. "ಇದೆಂತದು? ನಾಯಿ ಇದೆ ಅಂತ ಯಾರು ಹೇಳಿದ್ರು?" ಬ್ರೋಕರ್‌ಗೆ ಫೋನ್ ಮಾಡಿದರೆ, "ಸಣ್ಣ ಜಾತಿದು ಅಂದ್ಕೊಂಡಿದ್ದೆ ಸಾರ್" ಅಂದ. ಫೋಟೊದಲ್ಲಿ ಅದು ನನ್ನ ಪಕ್ಕವೇ ನಿಂತಿತ್ತು!

ಕೊನೆಗೆ ಅವರು ಇಟ್ಟ ಷರತ್ತು, ನಾಯಿ ಟೆರೇಸಿನಲ್ಲಿ ಇರಬೇಕು. ಜೂನ್ ತಿಂಗಳ ಶಿರಸಿ ಮಳೆಯಲ್ಲಿ! ಒಪ್ಪಲಿಲ್ಲ. ಅಲ್ಲಿಂದ ದಿನಾ ಒಂದು ತಕರಾರು: ಮೆಟ್ಟಿಲ ಮೇಲೆ ಕೂದಲು, ತುಳಸಿಕಟ್ಟೆ ಮೂಸಿತು, ರಾತ್ರಿ ಬೊಗಳಿತು (ಬೊಗಳುತ್ತಿದ್ದದ್ದು ಹಿಂಬದಿಯ ಮನೆಯವರ ನಾಯಿ). ಮನೆ ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ ಪೇಂಟ್ ಖರ್ಚು, "ವಾಸನೆ ತೆಗೆಸೋ ಖರ್ಚು", ಬಾತ್‌ರೂಮ್ ಬಾಗಿಲಿನ ಖರ್ಚು ಹಿಡಿದರು. ಆ ಬಾಗಿಲ ಕೆಳಗಿನ ಪ್ಲೈವುಡ್ ನೀರು ಕುಡಿದು ಉಬ್ಬಿ, ನಾವು ಬರುವ ಮೊದಲೇ ಪದರ ಬಿಟ್ಟಿತ್ತು. ಮೊದಲ ದಿನದ ಫೋಟೊ ತೋರಿಸಿದ ಮೇಲೆ ಅದೊಂದನ್ನು ಕೈಬಿಟ್ಟರು. ಉಳಿದದ್ದು ಹೋಯಿತು.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯನ್ನು ತೋರಿಸಿ ಅಂತ ಸ್ನೇಹಿತರು ಹೇಳಿದರು. ಅದು ಹೇಳುವುದು ಅಪಾರ್ಟ್‌ಮೆಂಟ್ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಅಂತ. ನಮ್ಮ ಕಡೆ ಸಂಘ ಎಲ್ಲಿದೆ? ಮಾಲೀಕರೇ ಕೆಳಗೆ ಕೂತಿರುತ್ತಾರೆ. ಅವರ ಮನೆ ಕೊಡುವುದು ಬಿಡುವುದು ಅವರಿಷ್ಟ, ಹಾಗಾಗಿ ಅಗ್ರಿಮೆಂಟಿನಲ್ಲಿ ಏನಿದೆ ಅನ್ನುವುದೇ ಮುಖ್ಯ.

ಆ ಅಗ್ರಿಮೆಂಟೋ, ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಇರುವ 11 ತಿಂಗಳ ನಮೂನೆ. ಹೆಸರು, ಬಾಡಿಗೆ ಬದಲಿಸಿ ಪ್ರಿಂಟ್ ಕೊಡುತ್ತಾರೆ. "ಒಂದು ನಾಯಿ ಸಾಕಲು ಮಾಲೀಕರ ಒಪ್ಪಿಗೆ ಇದೆ" ಅನ್ನುವ ಸಾಲನ್ನು ಅಲ್ಲೇ ನಿಂತು ಸೇರಿಸಿಸಿ. ಅಡ್ವಾನ್ಸಿನಲ್ಲಿ ಯಾವುದಕ್ಕೆ, ಎಷ್ಟು ಹಿಡಿಯಬಹುದು ಅನ್ನುವುದನ್ನೂ ಬರೆಸಿ. ಅದಕ್ಕೂ ಮೊದಲು, ಟೋಕನ್ ಕೊಡುವ ಮುಂಚೆಯೇ, ನಾಯಿಯನ್ನು ಕರೆದುಕೊಂಡು ಹೋಗಿ ಮಾಲೀಕರ ಎದುರು ನಿಲ್ಲಿಸಿ. ಮುಖ ನೋಡಿದರೆ ಗೊತ್ತಾಗುತ್ತದೆ.

ಕಮಿಷನ್ ಅಂತೂ ಸಹಿ ಬಿದ್ದ ಮೇಲೆಯೇ ಕೊಡಿ. ನಾನು ವಾಪಸ್ ಕೇಳಿದ್ದಕ್ಕೆ ಆ ಪುಣ್ಯಾತ್ಮ, "ಮನೆ ತೋರ್ಸಿದ್ದಕ್ಕೆ ತಗೊಂಡಿದ್ದು ಸಾರ್, ನಾಯಿಗಲ್ಲ" ಅಂದ.