ವರದಿ ಕ್ಲೌಡ್‌ಗೆ ಹೋಯಿತು, ಗೇಟ್‌ವೇ ಅಕೌಂಟ್ಸ್ ವಿಭಾಗದ ಕಂಪ್ಯೂಟರ್‌ನಲ್ಲಿ ಉಳಿಯಿತು: ಸಹಿ ಹಾಕುವ ಮೊದಲು ಓದಿ

ನಿಮ್ಮ ಸಂಸ್ಥೆಯ ಪವರ್ ಬಿಐ (ಮೈಕ್ರೋಸಾಫ್ಟ್‌ನ ವರದಿ ತಂತ್ರಾಂಶ) ವರದಿಗಳನ್ನು ಸ್ವಂತ ಸರ್ವರ್‌ನಿಂದ ಕ್ಲೌಡ್‌ಗೆ ಸಾಗಿಸುವ ಮಾತು ನಡೆಯುತ್ತಿದೆಯೇ? "ಫೈಲ್ ಅಪ್‌ಲೋಡ್ ಮಾಡಿದರೆ ಮುಗೀತು, ಇನ್ಮೇಲೆ ಸರ್ವರ್ ಕಾಟವೇ ಇರಲ್ಲ" ಅಂತ ಯಾರಾದರೂ ಭರವಸೆ ಕೊಡುತ್ತಿದ್ದಾರೆಯೇ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಇದೇ ಭರವಸೆಯ ಮೇಲೆ ನಮ್ಮಲ್ಲಿ ಸ್ಥಳಾಂತರ ನಡೆಯಿತು. ಆಮೇಲೆ ವಾರಗಟ್ಟಲೆ ಹಳೆಯ ದಾಸ್ತಾನು ಲೆಕ್ಕವನ್ನೇ ಅವತ್ತಿನ ಲೆಕ್ಕ ಎಂದು ನಂಬಿ ಖರೀದಿ ನಡೆಯಿತು.

ಕ್ಲೌಡ್ ಕೆಟ್ಟದ್ದು ಎನ್ನುವುದು ನನ್ನ ವಾದವಲ್ಲ. ಡೇಟಾಬೇಸ್ ಕಚೇರಿಯೊಳಗೇ ಇದ್ದು ವರದಿ ಮಾತ್ರ ಹೊರಗೆ ಹೋದಾಗ, ನೋಡಿಕೊಳ್ಳಬೇಕಾದ ಒಂದು ಯಂತ್ರ ಕಚೇರಿಯಲ್ಲೇ ಉಳಿದುಬಿಡುತ್ತದೆ. ಸ್ಥಳಾಂತರ ಮಾಡಿಸುವವರು ಅದರ ಬಗ್ಗೆ ಬಾಯಿ ಬಿಡುವುದಿಲ್ಲ. ಪೆಟ್ಟು ಬೀಳುವುದು ಅಲ್ಲೇ.

ನಾನು ಡೇಟಾಬೇಸ್ ನೋಡಿಕೊಳ್ಳುವವಳು. ಮೊದಲು ನಮ್ಮ ವರದಿಗಳೆಲ್ಲ ಪವರ್ ಬಿಐ ರಿಪೋರ್ಟ್ ಸರ್ವರ್‌ನಲ್ಲಿದ್ದವು. ನಮ್ಮ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್ ಇದ್ದ ಕೋಣೆಯಲ್ಲೇ, ಅದೇ ನೆಟ್‌ವರ್ಕ್‌ನಲ್ಲೇ. ಗಂಟೆಗೊಮ್ಮೆ ರಿಫ್ರೆಶ್ ಆಗುತ್ತಿತ್ತು, ಅಂದರೆ ಡೇಟಾಬೇಸ್‌ನಿಂದ ಹೊಸ ಲೆಕ್ಕ ವರದಿಗೆ ಬರುತ್ತಿತ್ತು. ತೊಂದರೆ ಇರಲಿಲ್ಲ ಅಂತಲ್ಲ. ತಿಂಗಳ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ವರದಿ ತೆರೆದರೆ ಮೆಮೊರಿ ಸಾಲದೆ ಸರ್ವರ್ ಏದುಸಿರು ಬಿಡುತ್ತಿತ್ತು. ಹೊರಗಡೆ ಓಡಾಡುವವರಿಗೆ ಫೋನ್‌ನಲ್ಲಿ ವರದಿ ಸಿಗುತ್ತಿರಲಿಲ್ಲ. ಕ್ಲೌಡ್‌ಗೆ ಹೋಗುವ ಯೋಚನೆ ಹುಟ್ಟಿದ್ದು ಇದರಿಂದ. ಕಾರಣ ನ್ಯಾಯವಾದದ್ದೇ.

ಮೇಲಿನವರು ಕೆಲಸವನ್ನು ಒಂದು ಹೊರಗಿನ ತಂಡಕ್ಕೆ ಕೊಟ್ಟರು. ಆ ತಂಡ ಮೊದಲ ಸಭೆಯಲ್ಲೇ ಹೆದರಿಸಿತು: ಸ್ವಂತ ಸರ್ವರ್‌ನಲ್ಲಿ ವರದಿ ಇಡುವ ಕಾಲ ಮುಗಿಯಿತು, ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸುತ್ತಿದೆ ಎಂದು. ಇದು ಅರ್ಧ ಸತ್ಯ. ನಿಲ್ಲುತ್ತಿರುವುದು ಎಸ್‌ಕ್ಯೂಎಲ್ ಸರ್ವರ್ ರಿಪೋರ್ಟಿಂಗ್ ಸರ್ವಿಸಸ್ ಎಂಬ ಹಳೆಯ ವರದಿ ತಂತ್ರಾಂಶದ ಹೊಸ ಆವೃತ್ತಿಗಳು. 2022ರದೇ ಕೊನೆಯದು, ಅದಕ್ಕೂ 2033ರ ಜನವರಿವರೆಗೆ ಬೆಂಬಲ ಇದೆ. ಎಸ್‌ಕ್ಯೂಎಲ್ ಸರ್ವರ್ 2025ರಿಂದ ಅದರ ಜಾಗಕ್ಕೆ ಬಂದಿರುವುದು ಪವರ್ ಬಿಐ ರಿಪೋರ್ಟ್ ಸರ್ವರ್. ಅದು ಕೂಡ ನಿಮ್ಮ ಕಟ್ಟಡದೊಳಗೇ ನಡೆಯುವಂಥದ್ದು, ನಾವು ಬಳಸುತ್ತಿದ್ದದ್ದೂ ಅದನ್ನೇ. ಹೆದರಿಕೆಯಿಂದ ನಿರ್ಧಾರ ತೆಗೆದುಕೊಳ್ಳುವ ಸ್ಥಿತಿ ನಿಮಗೆ ಬಂದರೆ, ಯಾವ ಉತ್ಪನ್ನ, ಯಾವ ಆವೃತ್ತಿ, ಯಾವ ದಿನಾಂಕ ಅಂತ ಬಿಡಿಸಿ ಬಿಡಿಸಿ ಕೇಳಿ.

ಇನ್ನು ಗೇಟ್‌ವೇ ವಿಷಯ. ಕ್ಲೌಡ್‌ನಲ್ಲಿರುವ ಪವರ್ ಬಿಐಗೆ ನಿಮ್ಮ ಕಚೇರಿಯ ಡೇಟಾಬೇಸ್ ನೇರವಾಗಿ ಕಾಣುವುದಿಲ್ಲ. ಮಧ್ಯೆ ಆನ್-ಪ್ರಿಮೈಸಸ್ ಡೇಟಾ ಗೇಟ್‌ವೇ ಎಂಬ ತಂತ್ರಾಂಶ ಕಚೇರಿಯ ಒಂದು ಯಂತ್ರದಲ್ಲಿ ಸದಾ ಓಡುತ್ತಿರಬೇಕು. ಅದು ಒಳಗಿನಿಂದ ಹೊರಗೆ ಸಂಪರ್ಕ ಮಾಡುತ್ತದೆ, ಹಾಗಾಗಿ ಒಳಬರುವ ಪೋರ್ಟ್ ಯಾವುದನ್ನೂ ತೆರೆಯಬೇಕಾಗಿಲ್ಲ. ಇದು ಒಳ್ಳೆಯ ವಿಷಯ. ಆದರೆ ಆ ಯಂತ್ರ ಮಲಗಬಾರದು, ಆಫ್ ಆಗಬಾರದು, ವೈಫೈ ನೆಚ್ಚಿಕೊಂಡಿರಬಾರದು. ಗೇಟ್‌ವೇಗೆ ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ, ಕೊನೆಯ ಆರು ಆವೃತ್ತಿಗಳಿಗೆ ಮಾತ್ರ ಬೆಂಬಲ. ಅಂದರೆ ಅಪ್‌ಡೇಟ್ ಮಾಡುವ ಕೆಲಸವೂ ಯಾರದಾದರೂ ತಲೆಯ ಮೇಲೆ ಇರಬೇಕು. "ಸರ್ವರ್ ಕಾಟ ಇರಲ್ಲ" ಅನ್ನುವ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಒಂದು ಸರ್ವರ್ ಹೋಗಿ ಇನ್ನೊಂದು ಬಂದಿರುತ್ತದೆ ಅಷ್ಟೆ.

ನಮ್ಮಲ್ಲಿ ಅದು ಸರ್ವರ್ ಆಗಿ ಕೂಡ ಬರಲಿಲ್ಲ. ಆ ತಂಡ ಗೇಟ್‌ವೇಯನ್ನು ಅಕೌಂಟ್ಸ್ ವಿಭಾಗದ ಒಬ್ಬರ ದಿನಬಳಕೆಯ ಡೆಸ್ಕ್‌ಟಾಪ್‌ನಲ್ಲಿ ಹಾಕಿ, ಡೆಮೊ ತೋರಿಸಿ, ಬಿಲ್ ಕೊಟ್ಟು ಕೈ ತೊಳೆದುಕೊಂಡಿತು. ಆ ಮೇಜಿನಲ್ಲಿ ಕೂರುವವರಿಗೆ ತಮ್ಮ ಕಂಪ್ಯೂಟರ್‌ನಲ್ಲಿ ಇಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. ಹಸ್ತಾಂತರದ ದಾಖಲೆಯಲ್ಲಿ ಯಂತ್ರದ ಹೆಸರೂ ಇರಲಿಲ್ಲ.

ಅವರು ಒಂದು ದಿನ ರಜೆಗೆ ಹೋಗುವಾಗ ಕಂಪ್ಯೂಟರ್ ಆಫ್ ಮಾಡಿ ಹೋದರು. ಜವಾಬ್ದಾರಿಯುತ ನೌಕರರು ಯಾರಾದರೂ ಮಾಡುವ ಕೆಲಸ ಅದು. ಪ್ರೊ ಎಂಬ, ತಲೆಗೊಂದರಂತೆ ಕೊಳ್ಳುವ ಲೈಸೆನ್ಸ್‌ನಲ್ಲಿ ದಿನಕ್ಕೆ ಎಂಟು ಬಾರಿ ಮಾತ್ರ ನಿಗದಿತ ರಿಫ್ರೆಶ್ ಸಾಧ್ಯ, ನಮ್ಮದೂ ಅಷ್ಟೇ ಇತ್ತು. ಸತತ ನಾಲ್ಕು ಬಾರಿ ರಿಫ್ರೆಶ್ ವಿಫಲವಾದರೆ ಪವರ್ ಬಿಐ ಆ ವೇಳಾಪಟ್ಟಿಯನ್ನೇ ನಿಲ್ಲಿಸಿಬಿಡುತ್ತದೆ. ಅರ್ಧ ದಿನದಲ್ಲೇ ನಾಲ್ಕೂ ಮುಗಿದವು. ಅವರು ವಾಪಸ್ ಬಂದು ಕಂಪ್ಯೂಟರ್ ಹಾಕಿದ ಕೂಡಲೇ ಗೇಟ್‌ವೇ ತಾನಾಗಿಯೇ ಎದ್ದಿತು, ಸ್ಥಿತಿ "ಆನ್‌ಲೈನ್" ಎಂದೇ ತೋರಿಸುತ್ತಿತ್ತು. ಆದರೆ ನಿಂತ ವೇಳಾಪಟ್ಟಿ ತಾನಾಗಿ ಶುರುವಾಗುವುದಿಲ್ಲ. ಯಾರಾದರೂ ಸೆಟ್ಟಿಂಗ್ಸ್‌ಗೆ ಹೋಗಿ ಮತ್ತೆ ಆನ್ ಮಾಡಬೇಕು. ವಿಫಲವಾದಾಗ ಎಚ್ಚರಿಕೆಯ ಮೇಲ್ ಹೋಗುವುದು ಡೇಟಾಸೆಟ್‌ನ (ವರದಿಯ ಹಿಂದಿನ ಡೇಟಾ; ಈಗ ಅದನ್ನು ಸೆಮ್ಯಾಂಟಿಕ್ ಮಾಡೆಲ್ ಎನ್ನುತ್ತಾರೆ) ಮಾಲೀಕರಿಗೆ. ಮಾಲೀಕರಾಗಿ ನೋಂದಾಯಿಸಿದ್ದದ್ದು ಗುತ್ತಿಗೆ ಮುಗಿಸಿ ಹೋದ ತಂಡದವರ ಖಾತೆ. ಆ ಮೇಲ್ ತೆರೆಯುವವರೇ ಇರಲಿಲ್ಲ. ಬೇರೆಯವರ ವಿಳಾಸ ಸೇರಿಸುವ ಜಾಗ ಅದೇ ಪುಟದಲ್ಲಿ ಇದೆ, ಖಾಲಿ ಬಿಟ್ಟಿದ್ದರು.

ಇಷ್ಟಾದರೂ ವರದಿ ತೆರೆದವರಿಗೆ ದೋಷದ ಸಂದೇಶ ಏನೂ ಕಾಣಲಿಲ್ಲ. ಕೊನೆಯ ಬಾರಿ ತುಂಬಿದ ಡೇಟಾ ಹಾಗೇ ಇರುತ್ತದೆ, ಚಾರ್ಟ್‌ಗಳು ಚೆನ್ನಾಗಿಯೇ ತೆರೆದುಕೊಳ್ಳುತ್ತವೆ.

ಹಳೆಯ ಲೆಕ್ಕ ಅಂತ ಯಾರಿಗೂ ಅನುಮಾನ ಬರದಿದ್ದಕ್ಕೆ ಇನ್ನೊಂದು ಕಾರಣ ಇತ್ತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದು ನಿಮ್ಮಲ್ಲೂ ಇರಬಹುದು.

ಹಳೆಯ ಸರ್ವರ್‌ನಲ್ಲಿದ್ದಾಗ ದಾಸ್ತಾನು ವರದಿಯ ಮೇಲ್ಗಡೆ ಬಲಮೂಲೆಯಲ್ಲಿ ಒಂದು ಸಣ್ಣ ಕಾರ್ಡ್ ಇತ್ತು: "ಡೇಟಾ ನವೀಕರಣ". ಅದರ ಸಮಯ ಪವರ್ ಕ್ವೆರಿಯಲ್ಲಿ (ಡೇಟಾ ತಂದು ತುಂಬುವ ಭಾಗ), ರಿಫ್ರೆಶ್ ನಡೆಯುವ ಕ್ಷಣದಲ್ಲಿ ದಾಖಲಾಗುತ್ತಿತ್ತು. ಕ್ಲೌಡ್‌ಗೆ ಹೋದ ಮೇಲೆ ಆ ಸಮಯ ಗಂಟೆಗಳಷ್ಟು ತಪ್ಪಾಗಿ ಕಾಣಲು ಶುರುವಾಯಿತು. ಪವರ್ ಬಿಐ ಸೇವೆ ನಡೆಯುವುದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ. ಅಲ್ಲಿ "ಸ್ಥಳೀಯ ಸಮಯ" ಕೇಳಿದರೂ ಸಿಗುವುದು ಯುಟಿಸಿ. ಜನ ದೂರು ಕೊಟ್ಟರು. ಆ ತಂಡದವರು ಮಾಡಿದ್ದೇನು ಗೊತ್ತೇ? ಹಳೆಯ ಕಾಲಂ ತೆಗೆದುಹಾಕಿ, ಆ ಜಾಗದಲ್ಲಿ ಡ್ಯಾಕ್ಸ್ ಎಂಬ ಸೂತ್ರ ಭಾಷೆಯ, ಈಗಿನ ಸಮಯ ಕೊಡುವ ನೌ ಫಂಕ್ಷನ್ ಬಳಸಿ ಒಂದು ಮೆಷರ್ (ಲೆಕ್ಕದ ಸೂತ್ರ) ಬರೆದು, ವ್ಯತ್ಯಾಸದ ಗಂಟೆಗಳನ್ನು ಕೂಡಿಸಿಬಿಟ್ಟರು. ಸಮಯ ಸರಿಯಾಗಿ ಕಾಣತೊಡಗಿತು, ದೂರು ಮುಗಿಯಿತು.

ಆದರೆ ಮೆಷರ್ ಲೆಕ್ಕ ಹಾಕುವುದು ವರದಿ ತೆರೆದಾಗ. ರಿಫ್ರೆಶ್ ನಡೆದದ್ದು ಯಾವಾಗ ಎನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅಂದರೆ ಆ ಕಾರ್ಡ್ ಪ್ರತಿ ಸಲವೂ "ಈಗ ಗಂಟೆ ಎಷ್ಟು" ಅಂತ ಹೇಳುತ್ತಿತ್ತು, ಮೇಲೆ "ಡೇಟಾ ನವೀಕರಣ" ಎಂಬ ಹೆಸರು ಹೊತ್ತುಕೊಂಡು.

ಗೋದಾಮಿನ ಮೇಲ್ವಿಚಾರಕರು ಫೋನ್ ಮಾಡಿ, "ಮೇಡಂ, ಇಡೋಕೆ ಜಾಗವೇ ಇಲ್ಲ, ಮತ್ತೆ ಅದೇ ಮಾಲು ಬಂದಿದೆ. ಯಾರು ಆರ್ಡರ್ ಹಾಕ್ತಿದಾರೆ?" ಅಂದಾಗಲೇ ವಿಷಯ ಹೊರಬಿದ್ದದ್ದು. ಖರೀದಿಯವರನ್ನು ಕೇಳಿದರೆ ಅವರು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ನೋಡಿ ಮೇಡಂ, ಇವತ್ತಿನ ದಿನಾಂಕ, ಈಗಿನ ಟೈಮೇ ಇದೆಯಲ್ಲ. ಹಳೇದು ಅಂತ ನನಗೆ ಹೇಗೆ ಗೊತ್ತಾಗಬೇಕು?" ಅಂದರು. ಅವರಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಅವರು ಸರಿಯಾಗಿಯೇ ನೋಡಿದ್ದರು.

ಈ ಕಾರ್ಡ್ ಎಲ್ಲೇ ಇರಲಿ, ಸ್ವಂತ ಸರ್ವರ್ ಆಗಲಿ ಕ್ಲೌಡ್ ಆಗಲಿ, ಅದರ ಹಿಂದಿನ ಸೂತ್ರ ತೆರೆದು ನೋಡಿ. ರಿಫ್ರೆಶ್ ಸಮಯ ಬೇಕಾದರೆ ಪವರ್ ಕ್ವೆರಿಯಲ್ಲೇ ಯುಟಿಸಿ ಸಮಯ ತೆಗೆದು, ನಿಮ್ಮ ವಲಯಕ್ಕೆ ಬದಲಿಸಿ ಕಾಲಂ ಆಗಿ ಉಳಿಸಿ. ಅದಕ್ಕಿಂತಲೂ ನನಗೆ ನಂಬಿಕೆ ಇರುವುದು ಇನ್ನೊಂದರ ಮೇಲೆ: ಡೇಟಾಬೇಸ್‌ನಲ್ಲಿ ದಾಖಲಾದ ಕೊನೆಯ ವಹಿವಾಟಿನ ಸಮಯವನ್ನೇ ತೋರಿಸಿ. ರಿಫ್ರೆಶ್ ಯಶಸ್ವಿಯಾಗಿಯೂ ಮೂಲದಲ್ಲೇ ಡೇಟಾ ನಿಂತಿದ್ದರೆ ಅದು ಕೂಡ ಸಿಕ್ಕಿಬೀಳುತ್ತದೆ.

ಗೇಟ್‌ವೇಯನ್ನು ಸರಿಯಾದ ಯಂತ್ರಕ್ಕೆ ಸಾಗಿಸೋಣ ಎಂದು ಹೊರಟಾಗ ಮುಂದಿನ ಪೆಟ್ಟು. ಗೇಟ್‌ವೇ ಸ್ಥಾಪಿಸುವಾಗ ಒಂದು ರಿಕವರಿ ಕೀ ಕೊಡಬೇಕು. ಬೇರೆ ಯಂತ್ರಕ್ಕೆ ಅದೇ ಗೇಟ್‌ವೇಯನ್ನು ತರಲು ಆ ಕೀ ಬೇಕೇ ಬೇಕು, ಕಳೆದುಹೋದರೆ ಮೈಕ್ರೋಸಾಫ್ಟ್ ಕೂಡ ತೆಗೆದುಕೊಡಲಾರದು. ನಮ್ಮದು ಎಲ್ಲಿದೆ ಅಂತ ಆ ತಂಡವನ್ನು ಕೇಳಿದರೆ, ಹಾಕಿದವರು ಕೆಲಸ ಬಿಟ್ಟಿದ್ದಾರೆ ಎಂಬ ಉತ್ತರ ಬಂತು. ಹೊಸ ಗೇಟ್‌ವೇ ಹಾಕಿ, ಪ್ರತಿಯೊಂದು ಡೇಟಾ ಮೂಲವನ್ನೂ ಮತ್ತೆ ಸೇರಿಸಿ, ಪಾಸ್‌ವರ್ಡ್ ಕೊಟ್ಟು, ಒಂದೊಂದೇ ಡೇಟಾಸೆಟ್ ಅನ್ನು ಅದಕ್ಕೆ ಜೋಡಿಸಬೇಕಾಯಿತು.

ಆ ಕೆಲಸದ ಮಧ್ಯೆ ಕಣ್ಣಿಗೆ ಬಿದ್ದದ್ದು ಇನ್ನೂ ಗಾಬರಿ ಹುಟ್ಟಿಸಿತು. ಒಂದು ಶಾಖೆಯವರಿಗೆ ಇನ್ನೊಂದು ಶಾಖೆಯ ಲೆಕ್ಕ ಕಾಣಬಾರದು ಎಂದು ವರದಿಯಲ್ಲಿ ಸಾಲು ಮಟ್ಟದ ಭದ್ರತೆ ಹಾಕಿದ್ದೆವು. ವರದಿಗಳನ್ನಿಡುವ ಕ್ಲೌಡ್‌ನ ವರ್ಕ್‌ಸ್ಪೇಸ್‌ನಲ್ಲಿ ಈ ಭದ್ರತೆ ಅನ್ವಯಿಸುವುದು ವ್ಯೂವರ್ (ನೋಡಲು ಮಾತ್ರ ಅನುಮತಿ ಇರುವ) ಪಾತ್ರದವರಿಗೆ ಮಾತ್ರ. ಅಡ್ಮಿನ್, ಮೆಂಬರ್, ಕಂಟ್ರಿಬ್ಯೂಟರ್ ಆಗಿರುವವರಿಗೆ ಎಲ್ಲ ಸಾಲೂ ಕಾಣುತ್ತದೆ. ಆ ತಂಡ ಸುಲಭವಾಗಲಿ ಎಂದು ಎಲ್ಲರನ್ನೂ ಮೆಂಬರ್ ಮಾಡಿಟ್ಟಿತ್ತು. ನಿಯಮಗಳು ಫೈಲ್‌ನಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು, ಯಾರಿಗೂ ಅನ್ವಯವಾಗುತ್ತಿರಲಿಲ್ಲ.

ಲೈಸೆನ್ಸ್ ಲೆಕ್ಕವೂ ಹಾಗೇ. ವರದಿ ತಯಾರಿಸುವವರಿಗೆ ಮಾತ್ರ ಪ್ರೊ ಸಾಕು ಎಂದು ಅಂದಾಜಿನಲ್ಲಿ ಬರೆದಿದ್ದರು. ರಿಪೋರ್ಟ್ ಸರ್ವರ್‌ನಲ್ಲಿ ಅದು ನಿಜ, ನೋಡುವವರಿಗೆ ಪ್ರೊ ಬೇಕಾಗಿಲ್ಲ. ಕ್ಲೌಡ್‌ನಲ್ಲಿ ಎಫ್64 ಅಥವಾ ಅದಕ್ಕಿಂತ ದೊಡ್ಡ ಕೆಪ್ಯಾಸಿಟಿ (ಸಂಸ್ಥೆಗೆಂದೇ ಕೊಳ್ಳುವ ಕ್ಲೌಡ್ ಸಾಮರ್ಥ್ಯ) ಇದ್ದರೆ ಮಾತ್ರ ನೋಡುಗರಿಗೆ ಉಚಿತ ಲೈಸೆನ್ಸ್ ಸಾಲುತ್ತದೆ. ಇಲ್ಲದಿದ್ದರೆ ಹಂಚಿದ ವರದಿ ನೋಡುವ ಪ್ರತಿಯೊಬ್ಬರಿಗೂ ಪ್ರೊ ಕೊಳ್ಳಬೇಕು.

ಸಾಕಪ್ಪಾ, ಹಳೆಯ ಸರ್ವರ್‌ಗೇ ವಾಪಸ್ ಹೋಗೋಣ ಅಂತ ಮೇಲಿನವರು ಹೇಳಿದರು. ಹೋಗುವ ದಾರಿಯಷ್ಟು ಸಲೀಸಲ್ಲ ಬರುವ ದಾರಿ. ರಿಪೋರ್ಟ್ ಸರ್ವರ್‌ಗೆ ಹೊಸ ಆವೃತ್ತಿ ಬರುವುದು ವರ್ಷಕ್ಕೆ ಮೂರು ಬಾರಿ, ಅದಕ್ಕೆ ಹೊಂದುವ ಪ್ರತ್ಯೇಕ ಪವರ್ ಬಿಐ ಡೆಸ್ಕ್‌ಟಾಪ್ ಇದೆ. ಕ್ಲೌಡ್‌ಗೆಂದು ತಿಂಗಳು ತಿಂಗಳು ಬದಲಾಗುವ ಡೆಸ್ಕ್‌ಟಾಪ್‌ನಲ್ಲಿ ಉಳಿಸಿದ ಫೈಲ್‌ಗಳನ್ನು ಅದು ತೆರೆಯಲಿಲ್ಲ. ಡೇಟಾ ತಂದು ಶುದ್ಧಗೊಳಿಸುವ ಹಂತಗಳನ್ನು ಕ್ಲೌಡ್‌ನಲ್ಲೇ ಇಡುವ ಡೇಟಾಫ್ಲೋಗಳು ರಿಪೋರ್ಟ್ ಸರ್ವರ್‌ನಲ್ಲಿ ಇಲ್ಲವೇ ಇಲ್ಲ, ಹಲವು ವರದಿಗಳ ಟೈಲ್‌ಗಳನ್ನು ಒಟ್ಟು ಸೇರಿಸಿದ ಡ್ಯಾಶ್‌ಬೋರ್ಡ್‌ಗಳೂ ಇಲ್ಲ. ನಮ್ಮ ಡೇಟಾ ಶುದ್ಧೀಕರಣದ ಹಂತಗಳನ್ನೆಲ್ಲ ಅಷ್ಟರಲ್ಲಿ ಡೇಟಾಫ್ಲೋಗೆ ಹಾಕಿಯಾಗಿತ್ತು.

ಹಳೆಯ ಸರ್ವರ್‌ನ ಕಥೆ ಅದಕ್ಕಿಂತ ಬೇಸರದ್ದು. ಡೇಟಾಬೇಸ್ ಬ್ಯಾಕಪ್ ತೆಗೆದು ಯಂತ್ರವನ್ನು ಅಳಿಸಿದ್ದರು, ಎನ್‌ಕ್ರಿಪ್ಶನ್ ಕೀ ಬ್ಯಾಕಪ್ ತೆಗೆದಿರಲಿಲ್ಲ. ಆ ಕೀ ಇಲ್ಲದೆ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಓದಲು ಬರುವುದಿಲ್ಲ. ಎನ್‌ಕ್ರಿಪ್ಟ್ ಆದದ್ದನ್ನೆಲ್ಲ ಅಳಿಸಿ, ಪ್ರತಿ ವರದಿಗೂ ಮತ್ತೆ ತುಂಬಬೇಕು. ಕೀ ಬ್ಯಾಕಪ್ ತೆಗೆಯಲು ರಿಪೋರ್ಟ್ ಸರ್ವರ್ ಕಾನ್ಫಿಗರೇಶನ್ ಮ್ಯಾನೇಜರ್‌ನಲ್ಲಿ ಒಂದು ಬಟನ್ ಇದೆ. ಒತ್ತಿ, ಪಾಸ್‌ವರ್ಡ್ ಕೊಟ್ಟು, ಫೈಲ್ ಉಳಿಸಿದರೆ ಆಯಿತು.

ಕೊನೆಗೆ ನಾವು ಕ್ಲೌಡ್‌ನಲ್ಲೇ ಉಳಿದೆವು. ಗೇಟ್‌ವೇ ಈಗ ಎರಡು ಸರ್ವರ್‌ಗಳಲ್ಲಿ ಕ್ಲಸ್ಟರ್ ಆಗಿ ಓಡುತ್ತಿದೆ, ಒಂದು ಬಿದ್ದರೂ ಇನ್ನೊಂದು ನಡೆಸುತ್ತದೆ. ವಿಫಲವಾದ ರಿಫ್ರೆಶ್‌ನ ಮೇಲ್ ಒಂದು ಗುಂಪಿನ ವಿಳಾಸಕ್ಕೆ ಬರುತ್ತದೆ.

ನಿಮ್ಮ ಡೇಟಾ ಮೊದಲೇ ಕ್ಲೌಡ್ ಡೇಟಾಬೇಸ್‌ನಲ್ಲಿದ್ದು, ಜನ ಹೊರಗಿನಿಂದ ವರದಿ ನೋಡುವವರಾದರೆ ಕ್ಲೌಡ್‌ಗೆ ಹೋಗಿ, ಬಹುಮಟ್ಟಿಗೆ ಗೇಟ್‌ವೇ ಗೊಡವೆಯೇ ಇರುವುದಿಲ್ಲ. ಡೇಟಾ ಒಳಗಿದ್ದು, ನೋಡುವವರೂ ಒಳಗಿದ್ದು, ಸರ್ವರ್ ನೋಡಿಕೊಳ್ಳಲು ಜನ ಇದ್ದರೆ, ಯಾರೋ ಹೆದರಿಸಿದರು ಎಂದು ಕಿತ್ತು ಹೊರಡಬೇಡಿ. ನಿಗದಿತ ಕೆಲಸಗಳನ್ನು ನಡೆಸುವ ಎಸ್‌ಕ್ಯೂಎಲ್ ಏಜೆಂಟ್ ನಿಂತರೆ ಅಲ್ಲೂ ರಿಫ್ರೆಶ್ ನಿಲ್ಲುತ್ತದೆ, ಆದರೆ ಅದನ್ನು ನೋಡುವ ಜನ ಯಾರೆಂದು ನಿಮಗೆ ಗೊತ್ತಿರುತ್ತದೆ.

ಡೇಟಾ ಒಳಗೆ, ನೋಡುಗರು ಹೊರಗೆ ಎಂಬ ನಮ್ಮಂಥ ಸ್ಥಿತಿಯಾದರೆ, ಗೇಟ್‌ವೇ ಯಾವ ಯಂತ್ರದಲ್ಲಿ, ಅದರ ಕೀ ಯಾರ ಬಳಿ, ಡೇಟಾಸೆಟ್‌ನ ಮಾಲೀಕರು ಯಾರು ಎಂಬುದು ಒಪ್ಪಂದದಲ್ಲೇ ಬರೆದಿರಲಿ. ಕೆಲಸ ಮುಗಿಯಿತು ಎಂದು ಅವರು ಹೇಳಿದ ದಿನ ಅವರ ಎದುರಿಗೇ ಗೇಟ್‌ವೇ ಯಂತ್ರವನ್ನು ಆಫ್ ಮಾಡಿಸಿ, ರಿಫ್ರೆಶ್ ವಿಫಲವಾಗಲು ಬಿಡಿ. ಎಚ್ಚರಿಕೆಯ ಮೇಲ್ ನಿಮ್ಮವರ ಇನ್‌ಬಾಕ್ಸ್‌ಗೆ ಬಂದ ಮೇಲಷ್ಟೇ ಹಣ ಪಾವತಿಗೆ ಸಹಿ ಹಾಕಿ.