ಭಾರ ಹೊರುವ ಮೆಸೆಂಜರ್ ಬ್ಯಾಗ್: ಕೊಡಗಿನ ತೋಟಗಳಲ್ಲಿ ಬಳಸಿ ನೋಡಿದ ಮೇಲೆ

ನನ್ನದು ಕಾಫಿ ಸ್ಯಾಂಪಲ್ ತರುವ ಕೆಲಸ. ಗೋಣಿಕೊಪ್ಪದಿಂದ ಬೈಕಿನಲ್ಲಿ ಹೊರಟರೆ ಪೊನ್ನಂಪೇಟೆ, ಶ್ರೀಮಂಗಲ, ಕುಟ್ಟ, ಕೆಲವು ಸಲ ಸಿದ್ದಾಪುರದವರೆಗೂ ಓಡಾಟ. ಗೇಟಿನ ಹತ್ತಿರ ಬೈಕ್ ನಿಲ್ಲಿಸಿ ಕಾಫಿ ಒಣಗಿಸುವ ಕಣದವರೆಗೆ ಏರು ಹತ್ತುವುದೂ ಇದೆ. 50 ಕೆಜಿ ಚೆರ್ರಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿಗೆ, ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವುದರ ಮೇಲೆ ದರ ನಿಲ್ಲುತ್ತದೆ. ಹಾಗಾಗಿ ಪ್ರತಿ ತೋಟದ ಸ್ಯಾಂಪಲ್ ಬೇರೆಬೇರೆ ಕವರ್‌ನಲ್ಲಿ ಬರಬೇಕು. ಅದರ ಜೊತೆಗೆ ತೇವಾಂಶ ಅಳೆಯುವ ಮೀಟರ್, ಸಣ್ಣ ತಕ್ಕಡಿ, ರಸೀದಿ ಪುಸ್ತಕ, ನೀರು, ಬುತ್ತಿ, ರೈನ್‌ಕೋಟ್. ರೊಬಸ್ಟಾ ಕಾಫಿಯ ಸೀಸನ್‌ನಲ್ಲಿ ಸಂಜೆ ಹೊತ್ತಿಗೆ ಬ್ಯಾಗ್ 7-8 ಕೆಜಿ ತೂಗುತ್ತದೆ.

ಇಷ್ಟು ಭಾರಕ್ಕೆ ಎದೆಗೆ ಅಡ್ಡಲಾಗಿ ಹಾಕುವ ಒಂಟಿ ಪಟ್ಟಿಯ ಮೆಸೆಂಜರ್ ಬ್ಯಾಗ್ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಕಣದಲ್ಲಿ ಬ್ಯಾಗ್ ಕೆಳಗಿಡದೆ ಮುಂದಕ್ಕೆ ಎಳೆದುಕೊಂಡು ಮೀಟರ್ ತೆಗೆಯಬಹುದು. ಒದ್ದೆ ನೆಲ, ಕೆಸರು, ಜಿಗಣೆ ಇರುವ ಊರಿನಲ್ಲಿ ಇದು ದೊಡ್ಡ ಅನುಕೂಲ.

ಆದರೆ ಈ ಬ್ಯಾಗ್ ಹೆಸರಾದದ್ದು ಬಗ್ಗಿ ಸೈಕಲ್ ತುಳಿಯುವ ಕೊರಿಯರ್ ಹುಡುಗರಿಂದ. ಬಗ್ಗಿದ ಬೆನ್ನಿನ ಮೇಲೆ ಅದು ಸುಮ್ನೆ ಮಲಗುತ್ತದೆ. ನೆಟ್ಟಗೆ ನಿಂತು ನಡೆದರೆ ಸೊಂಟಕ್ಕೆ ಜಾರುತ್ತದೆ, ಹೆಜ್ಜೆಹೆಜ್ಜೆಗೂ ತೊಡೆಗೆ ಬಡಿಯುತ್ತದೆ. ನನ್ನ ಭುಜ ನೋಯುವುದಕ್ಕೆ ತೂಕಕ್ಕಿಂತ ಈ ಅಲುಗಾಟವೇ ಜಾಸ್ತಿ ಕಾರಣ. ಅದಕ್ಕೇ ಪಟ್ಟಿಯನ್ನು ಚೆನ್ನಾಗಿ ಗಿಡ್ಡ ಮಾಡಬೇಕು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಹಾಗೆ ಬ್ಯಾಗ್ ಸೊಂಟದಿಂದ ಮೇಲೆ, ಬೆನ್ನಿಗೆ ಅಂಟಿ ಕೂರಬೇಕು. ನನ್ನ ಬ್ಯಾಗಿನ ಪಟ್ಟಿ 5 ಸೆಂಟಿಮೀಟರ್ ಅಗಲ, ಕಾರಿನ ಸೀಟ್ ಬೆಲ್ಟಿನಂಥ ನೇಯ್ಗೆ. ಬಕಲ್ ಎತ್ತಿ ಎಳೆದರೆ ಒಂದೇ ಕೈಯಲ್ಲಿ ಬಿಗಿಯಾಗುತ್ತದೆ. ಕಂಕುಳ ಕೆಳಗಿಂದ ಬಂದು ಎದೆಯ ಮೇಲೆ ಸೇರುವ ಇನ್ನೊಂದು ಸಣ್ಣ ಪಟ್ಟಿಯೂ ಇದೆ. ಬೈಕಿನವರು ಇದನ್ನು ದಯವಿಟ್ಟು ಕಿತ್ತು ಬಿಸಾಡಬೇಡಿ. ಕುಟ್ಟ ರಸ್ತೆಯ ತಿರುವಿನಲ್ಲಿ ಬ್ಯಾಗ್ ಮುಂದಕ್ಕೆ ಬಂದು ಮೊಣಕೈಗೆ ತಾಗದಂತೆ ಹಿಡಿಯುವುದು ಅದೇ.

ತುಂಬುವುದರಲ್ಲೇ ಅರ್ಧ ಸುಖ ಇದೆ. ಬ್ಯಾಗ್ ಬೆನ್ನಿನ ಮೇಲೆ ಓರೆಯಾಗಿ ಕೂರುವುದರಿಂದ ಅದರ ಒಂದು ಮೂಲೆ ಯಾವಾಗಲೂ ಕೆಳಗಿರುತ್ತದೆ. ಭಾರದ್ದೆಲ್ಲ ಜಾರಿ ಆ ಮೂಲೆ ಸೇರುತ್ತದೆ. ಆಮೇಲೆ ಇಡೀ ಬ್ಯಾಗ್ ತಿರುಗುತ್ತದೆ. ನಾನು ಆ ಮೂಲೆಗೆ ಮೊದಲು ಮಡಿಸಿದ ರೈನ್‌ಕೋಟ್ ತುರುಕುತ್ತೇನೆ. ಮೀಟರ್ ಮತ್ತು ತಕ್ಕಡಿಯನ್ನು ಟವೆಲ್ಲಿನಲ್ಲಿ ಸುತ್ತಿ ಬೆನ್ನಿಗೆ ತಾಗುವ ಗೋಡೆಗೆ, ನಡುಮಧ್ಯೆ ನಿಲ್ಲಿಸುತ್ತೇನೆ. ಸ್ಯಾಂಪಲ್ ಕವರ್‌ಗಳ ಗಾಳಿ ತೆಗೆದು, ಚಪ್ಪಟೆ ಮಾಡಿ, ಪುಸ್ತಕಗಳ ಹಾಗೆ ಅದರ ಹೊರಗೆ ಸಾಲಾಗಿ ಜೋಡಿಸುತ್ತೇನೆ. ಬುತ್ತಿ ಮೇಲೆ. ನೀರಿನ ಬಾಟಲ್ ಹೊರಜೇಬಿಗೆ ಬೇಡ, ಭಾರ ಬೆನ್ನಿನಿಂದ ದೂರ ಹೋದಷ್ಟೂ ಭುಜವನ್ನು ಹಿಂದಕ್ಕೆ ಎಳೆಯುತ್ತದೆ. ಕೊನೆಗೆ ಮುಚ್ಚಳದ ಪಟ್ಟಿಗಳನ್ನು ಎಳೆದು ಬಿಗಿ ಮಾಡಿ. ಒಳಗೆ ಏನೂ ಕುಲುಕಬಾರದು.

ಇಷ್ಟೆಲ್ಲ ಮಾಡಿದರೂ ಮಿತಿ ಇದೆ. 6 ಕೆಜಿವರೆಗೆ ಇಡೀ ದಿನ ಹೊರುತ್ತೇನೆ. 8 ಕೆಜಿ ಆದರೆ ಅರ್ಧ ಗಂಟೆ ನಡಿಗೆಗೆ ಸರಿ, ಅದೂ ಮಧ್ಯೆ ಭುಜ ಬದಲಿಸಿ. ಕೆಲವು ಬ್ಯಾಗ್‌ಗಳನ್ನು ಒಂದೇ ಭುಜಕ್ಕೆ ಅಂತ ಹೊಲಿದಿರುತ್ತಾರೆ, ಬದಲಿಸಿದರೆ ಬಕಲ್ ಕುತ್ತಿಗೆಗೆ ಬರುತ್ತದೆ. ನನ್ನದರಲ್ಲಿ ಎರಡೂ ಕಡೆ ಆಗುತ್ತದೆ. 10 ಕೆಜಿ ದಾಟುವ ದಿನ ಎರಡು ಪಟ್ಟಿಯ ಬ್ಯಾಗೇ ಒಯ್ಯುತ್ತೇನೆ. ಬೆನ್ನು, ಕುತ್ತಿಗೆ ನೋವು ಮೊದಲೇ ಇದ್ದವರು ಇದರ ತಂಟೆಗೆ ಬರದಿರುವುದೇ ಒಳ್ಳೆಯದು.

ಮಳೆಯ ವಿಷಯ. ಹೊರಗೆ 1000 ಡೆನಿಯರ್ (ನೂಲಿನ ದಪ್ಪದ ಅಳತೆ) ನೈಲಾನ್, ಒಳಗೆ ಟಾರ್ಪಾಲಿನ್ ಚೀಲ. ಜುಲೈ ಮಳೆಯಲ್ಲೂ ರಸೀದಿ ಪುಸ್ತಕ ಒಣಗೇ ಇತ್ತು. ಆದರೆ ಹೊರಗಿನ ನೀರು ಒಳಗೆ ಬಿಡದ ಟಾರ್ಪಾಲಿನ್ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ. ಒದ್ದೆ ರೈನ್‌ಕೋಟ್ ಇಟ್ಟು ಮರೆತರೆ ಬೂಷ್ಟು ಗ್ಯಾರಂಟಿ. ಮಳೆಗಾಲದಲ್ಲಿ ದಿನಾ ರಾತ್ರಿ ಖಾಲಿ ಮಾಡಿ, ಬಾಯಿ ತೆರೆದು, ಫ್ಯಾನ್ ಗಾಳಿಗೆ ತೂಗುಹಾಕಬೇಕು. ಬಟ್ಟೆಯ ಜೊತೆ ಒಲೆಯ ಮೇಲೆ ಒಣಗಿಸಬೇಡಿ, ಬಿಸಿಗೆ ಟಾರ್ಪಾಲಿನ್ ಸೆಟೆದು ಬಿರಿಯುತ್ತದೆ.

ಎರಡು ಕೊರತೆ ಹೇಳಲೇಬೇಕು. ಭುಜದ ಪ್ಯಾಡಿನ ಫೋಮ್ ತೀರಾ ತೆಳು, ಬೇಗನೆ ಅಪ್ಪಚ್ಚಿಯಾಯಿತು. ಪೇಟೆಯ ಟೈಲರ್ ಅಣ್ಣ ದಪ್ಪ ಫೋಮ್ ಹಾಕಿ ಹೊಸದಾಗಿ ಹೊಲಿದುಕೊಟ್ಟರು, ಕಂಪನಿಯದ್ದಕ್ಕಿಂತ ಅದೇ ಚೆನ್ನಾಗಿದೆ. ಮುಚ್ಚಳದ ವೆಲ್ಕ್ರೋಗೆ ಗೋಣಿ ನಾರು ತುಂಬಿಕೊಂಡು ಈಗ ಅಂಟುವುದೇ ಇಲ್ಲ. ಕಣದಲ್ಲಿ, ಗೋದಾಮಿನಲ್ಲಿ ಕೆಲಸ ಮಾಡುವವರು ಬಕಲ್ ಇರುವುದನ್ನೇ ಕೊಳ್ಳಿ. ಉಳಿದಂತೆ ಒಂದು ಹೊಲಿಗೆಯೂ ಬಿಟ್ಟಿಲ್ಲ.

ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿಕೊಂಡು ಕನ್ನಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ಸಾಮಾನನ್ನೇ ಒಯ್ದು ತುಂಬಿ, ಪಟ್ಟಿ ಬಿಗಿದು, ಮೆಟ್ಟಿಲು ಹತ್ತಿ ಇಳಿದು ನೋಡಿ. ಬೆನ್ನಿನಿಂದ ಜಾರಿದರೆ ಅಲ್ಲೇ ವಾಪಸ್ ಕೊಟ್ಟು ಬನ್ನಿ.