ಫೈರ್‌ವಾಚ್ ಆಡೋದಾ, ಈಡಿತ್ ಫಿಂಚ್ ಆಡೋದಾ?

ಶನಿವಾರ ಜೋರು ಮಳೆ, ಬನಶಂಕರಿ ದಾಟಿ ಹೋಗೋ ಹಾಗಿಲ್ಲ. ಚಿಕ್ಕಮ್ಮನ ಮಗ ಕೇಳಿದ: "ಅಣ್ಣಾ, ಕತೆ ಚೆನ್ನಾಗಿರೋ ಗೇಮ್ ಒಂದೇ ಒಂದು ಹೇಳು." ನನಗೆ ಹೊಳೆದದ್ದು ಎರಡು.

ಫೈರ್‌ವಾಚ್ (2016) ನಡೆಯೋದು 1989ರ ವಯೋಮಿಂಗ್ ಕಾಡಿನಲ್ಲಿ. ಕಾಳ್ಗಿಚ್ಚು ಕಾಯೋ ಹೆನ್ರಿ, ವಾಕಿಟಾಕಿಯಲ್ಲಷ್ಟೇ ಸಿಗೋ ಮೇಲಧಿಕಾರಿ ಡಿಲೈಲಾ. ಅವಳ ಮಾತಿಗೆ ಉತ್ತರ ಆರಿಸೋಕೆ ಕೆಲವೇ ಕ್ಷಣ. ಸುಮ್ಮನಿದ್ದರೆ ಅದೂ ಒಂದು ಉತ್ತರವೇ. ಮಾತುಕತೆ ಸೊಗಸು. ಆದರೆ ಏನೋ ದೊಡ್ಡ ಗುಟ್ಟಿದೆ ಅಂತ ಆಸೆ ಹುಟ್ಟಿಸಿ ಕೊನೆಗೆ ಠುಸ್. ನಕ್ಷೆ ಹಿಡಿದು ನಡೆಯೋದು ಬಿಟ್ಟರೆ ಕೈಗೆ ಕೆಲಸವೂ ಕಮ್ಮಿ.

ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್ (2017) ಅಂದರೆ ಫಿಂಚ್ ಮನೆತನದವರು ಒಬ್ಬೊಬ್ಬರಾಗಿ ಹೇಗೆ ಸತ್ತರು ಅನ್ನೋ ಕತೆ. ಎರಡು-ಮೂರು ಗಂಟೆಗೆ ಮುಗಿಯುತ್ತೆ, ಆದರೆ ಆಟವೇ ಕತೆ ಹೇಳುತ್ತೆ. ಮೀನಿನ ಕಾರ್ಖಾನೆಯಲ್ಲಿ ದುಡಿಯೋ ಆ ಮನೆಯ ಲೂಯಿಸ್‌ನನ್ನೇ ನೋಡಿ. ನಿಮ್ಮ ಬಲಗೈ ಮೀನಿನ ತಲೆ ಕತ್ತರಿಸ್ತಾ ಇರಬೇಕು, ಎಡಗೈ ಅವನ ಹಗಲುಗನಸಿನಲ್ಲಿ ಓಡಾಡಬೇಕು. ಕನಸು ಪರದೆಯನ್ನು ನುಂಗುತ್ತಾ ಬಂದರೂ ಬಲಗೈ ತನ್ನಷ್ಟಕ್ಕೆ ಕೊಯ್ತಾನೇ ಇರುತ್ತೆ. ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ಕಾಲು ಕ್ಲಚ್ ಮೇಲೆ, ಮನಸ್ಸು ಇನ್ನೆಲ್ಲೋ ಇರುತ್ತಲ್ಲ, ಥೇಟ್ ಹಾಗೆ.

ಯಾರ ಸಾವನ್ನೂ ನೀವು ತಪ್ಪಿಸೋಕಾಗಲ್ಲ, ಆಯ್ಕೆ ಬೇಕು ಅನ್ನೋರಿಗೆ ಸಿಟ್ಟು ಬರಬಹುದು. ಮಗುವಿನ ಸಾವೂ ಇದೆ. ಮನೆಯಲ್ಲಿ ಈಚೆಗೆ ಅಂಥದ್ದು ನಡೆದಿದ್ದರೆ ಸದ್ಯಕ್ಕೆ ಬೇಡ. ತಮ್ಮನಿಗೆ ಮಾತ್ರ ಈಡಿತ್ ಫಿಂಚನ್ನೇ ಹಾಕಿಕೊಟ್ಟೆ.